ಎಂಜಿನ್ ತಣ್ಣಗಾಗುವ ಜಾಗ

ವಾಲ್‌ಸೆಂತೆನೊ
ಮಂಗಳವಾರ, ೩೦ ಅಕ್ಟೋಬರ್ ೧೯೭೯

ಅಪ್ಪನಿಗೆ ಕಸಿಲ್ದಾಳ ಪ್ರೀತಿಯ ನೆನಪುಗಳು. ನಿಮ್ಮ ಮೊಮ್ಮಗಳು ಪಕ್ಕದಲ್ಲೇ ಮಲಗಿದ್ದಾಳೆ, ಅವಳದನ್ನೂ ಸೇರಿಸಿಕೊಳ್ಳಿ.

ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಹಜಾರದ ಟೆಲಿಫೋನ್ ಅರ್ಧ ಸಲ ಬಡಿದು ಸುಮ್ಮನಾಯಿತು. ಪೂರ್ತಿ ಗಂಟೆಯಲ್ಲ, ಚಮಚ ಲೋಟಕ್ಕೆ ತಾಗಿದ ಹಾಗೆ ಒಂದೇ ಒಂದು ಟಿಣ್. ಎದ್ದು ಕೂತೆ. ಮಗು ಏಳಲಿಲ್ಲ. ರಾತ್ರಿ ಹತ್ತಕ್ಕೆ ದೆಲ್ಫಿನಾ ಟೆಲಿಫೋನ್ ಎಕ್ಸ್‌ಚೇಂಜನ್ನು ಮುಚ್ಚಿಕೊಂಡು ಹೋದ ಮೇಲೆ ಈ ಊರಿನಲ್ಲಿ ಯಾರ ಮನೆಯ ಫೋನೂ ಬಡಿಯುವುದಿಲ್ಲ, ನಿಮಗೆ ಗೊತ್ತು. ಗಾಳಿಗೆ ತಂತಿ ತಂತಿಗೆ ತಾಗಿರಬೇಕು ಅಂದುಕೊಂಡೆ. ಮತ್ತೆ ಮಲಗಲಿಲ್ಲ. ಮಗುವಿನ ಬುಟ್ಟಿಯನ್ನೂ ಎತ್ತಿಕೊಂಡು ಅಡುಗೆಮನೆಗೆ ಬಂದು ಒಲೆಗೆ ಎರಡು ಕಟ್ಟಿಗೆ ಹಾಕಿ, ಅಮ್ಮ ಅಂಗಡಿ ಚೀಟಿ ಬರೆಯುತ್ತಿದ್ದ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಿಯೆವೆಸ್‌ಗೆ ನಾಲ್ಕೂವರೆ ತಿಂಗಳು ತುಂಬಿತು. ಕೆಳಗಿನ ವಸಡು ಬೆಳ್ಳಗಾಗಿದೆ, ಹಲ್ಲು ಬರುವುದಕ್ಕೆ ಇದು ತೀರ ಬೇಗ ಅನ್ನುತ್ತಾರೆ ಎಲ್ಲರೂ. ಹಾಲು ಕಡಿಮೆಯಾಗಿದೆ ನನಗೆ. ನಿಮ್ಮ ಅಳಿಯ ತೆಲ್ಮೊ ಹದಿನೈದು ದಿನಕ್ಕೊಮ್ಮೆ ಬಿಲ್ಬಾವೊದಿಂದ ಬರುತ್ತಾನೆ, ಹಡಗುಕಟ್ಟೆಯಲ್ಲಿ ಮುಷ್ಕರ ಇದ್ದರೆ ಇನ್ನೂ ಒಂದು ದಿನ ಹೆಚ್ಚು ಇರುತ್ತಾನೆ. ಮಗುವಿಗೆ ಇಲ್ಲಿನ ಗಾಳಿ ಒಳ್ಳೆಯದು ಅಂತ ನೀವೇ ಈ ಮನೆಯ ಬೀಗದ ಕೈ ಕೊಟ್ಟಿರಿ. ಗಾಳಿ ಒಳ್ಳೆಯದೇ. ನಾನು ಮಾತ್ರ ನಿನ್ನೆ ಬೆಳ್ಳುಳ್ಳಿ ಸಾರಿಗೆ ಎರಡು ಸಲ ಉಪ್ಪು ಹಾಕಿ, ಹಾಗೇ ಪೂರ್ತಿ ಕುಡಿದೆ. ಕುಡಿದ ಮೇಲೆ ಉಪ್ಪು ಅಂತ ತಿಳಿಯಿತು.

ಈ ಕಾಗದವನ್ನು ಆರೂವರೆಯ ಮ್ಯಾಡ್ರಿಡ್ ಬಸ್ಸಿನ ಚಾಲಕನ ಕೈಗೆ ಕೊಡುತ್ತೇನೆ. ಅವನು ಸಂಸತ್ತಿನ ಬಾಗಿಲಿನವನಿಗೆ ಕೊಡುತ್ತಾನೆ, ಮಧ್ಯಾಹ್ನದ ಊಟಕ್ಕೆ ಮೊದಲು ನಿಮಗೆ ಸಿಗುತ್ತದೆ. ಫೋನಿನಲ್ಲೇ ಹೇಳಬಹುದಲ್ಲ ಅನ್ನುತ್ತೀರಿ. ಹೇಳುವಂತಿಲ್ಲ. ಇಲ್ಲಿಂದ ಹೋಗುವ, ಇಲ್ಲಿಗೆ ಬರುವ ಎಲ್ಲ ಟ್ರಂಕ್ ಕಾಲ್‌ಗಳೂ ದೆಲ್ಫಿನಾಳ ಕಿವಿ ದಾಟಿಯೇ ಬರಬೇಕು. ಇದು ದೆಲ್ಫಿನಾಳ ತಂದೆಯ ವಿಷಯ.

ಭಾನುವಾರ ನೀವು ಫೋನಿನಲ್ಲಿ ಊರಲ್ಲೇನು ಸುದ್ದಿ ಅಂತ ಕೇಳಿದಿರಿ. ಏನಿಲ್ಲ, ಚಳಿ ಶುರುವಾಗಿದೆ ಅಂದೆ. ಶನಿವಾರ ಹೊಸ ಮೇಯರ್ ರೊಸೆಂದೊ ಮಣ್ಣು ಅಗೆಯುವ ಯಂತ್ರ ತರಿಸಿ ಹೆದ್ದಾರಿಯ ಪಕ್ಕ ಅಗೆಸಿದ. ಏಳು ಜನರನ್ನು ಹುಡುಕುತ್ತಿದ್ದಾರೆ. ಅಂತರ್ಯುದ್ಧ ಶುರುವಾದ ವರ್ಷ, ಮೂವತ್ತಾರರ ಆಗಸ್ಟ್ ತಿಂಗಳಲ್ಲಿ, ಜನರಲ್‌ನ ಕಡೆಯ ನೀಲಿ ಅಂಗಿಯವರು ಮನೆಮನೆಯಿಂದ ಎಬ್ಬಿಸಿ ಲಾರಿ ಹತ್ತಿಸಿಕೊಂಡು ಹೋದ ಏಳು ಜನ. ರೊಟ್ಟಿ ಬೇಯಿಸುತ್ತಿದ್ದ ಸಬಾಸ್ ಅವರಲ್ಲಿ ಒಬ್ಬ. ಅವನ ಹೆಂಡತಿ ಎಮೆತೇರಿಯಾ, ಮಗಳು ದೆಲ್ಫಿನಾ. ಇದನ್ನೆಲ್ಲ ನಿಮಗೆ ನಾನು ಬರೆದು ತಿಳಿಸುವುದು ವಿಚಿತ್ರವಾಗಿದೆ. ಆದರೂ ಬರೆಯುತ್ತೇನೆ. ಯಾರೂ ಇದನ್ನು ನಿಮಗೆ ಬಾಯಿಬಿಟ್ಟು ಹೇಳಿರಲಾರರು.

ನಾನೂ ಹೋಗಿದ್ದೆ ನೋಡಲು, ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು. ಹನ್ನೊಂದನೇ ಕಿಲೋಮೀಟರ್ ಕಲ್ಲಿನಿಂದ ಓಕ್ ಮರಗಳ ಕಡೆಗೆ ಇಪ್ಪತ್ತು ಹೆಜ್ಜೆ. ಸತ್ತುಹೋದ ಕುರುಬನೊಬ್ಬ ಎಷ್ಟೋ ವರ್ಷದ ಹಿಂದೆ ಎಮೆತೇರಿಯಾಗೆ ಗುಟ್ಟಾಗಿ ಹೇಳಿದ್ದ ಜಾಗ. ಆಕೆಗೆ ಓದಲು ಬರುವುದಿಲ್ಲ. ಆ ಸಂಖ್ಯೆಯನ್ನು ಜಪಮಾಲೆಯ ಮಣಿಯ ಹಾಗೆ ಬಾಯಲ್ಲೇ ಇಟ್ಟುಕೊಂಡಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅಗೆದರು. ಬೇರು ಬಂತು, ಒಂದು ಲಾಳ ಬಂತು, ದೊಡ್ಡ ಹಲ್ಲಿರುವ ಒಂದು ದವಡೆ ಬಂತು. ಎಲ್ಲರೂ ಟೋಪಿ ತೆಗೆದರು. ಯಂತ್ರದವನು ಇಳಿದು ಬಂದು ನೋಡಿ, “ಇದು ಹೇಸರಗತ್ತೆದು ಕಣ್ರೀ, ಟೋಪಿ ಹಾಕ್ಕೊಳ್ಳಿ” ಅಂದ.

ನಿಮ್ಮ ಜೊತೆ ಡಾಮಿನೊ ಆಡುವ ಕ್ವಿರೀನೊ ರಸ್ತೆಯ ಆಚೆ ನಿಂತಿದ್ದ. “ಮೇಯರ್ ಸಾಹೇಬ್ರೇ, ಗುಂಡಿ ದಂಡ ಆಗೋದು ಬೇಡ. ಹೆಂಗೂ ತೋಡಿದ್ದೀರಿ, ಆಲೂಗಡ್ಡೆ ನೆಟ್ಬಿಡಿ” ಅಂತ ಕೂಗಿದ.

ರೊಸೆಂದೊ ತಲೆ ಎತ್ತಲಿಲ್ಲ. “ನೆಡ್ತೀನಿ ತಾತ. ಕಾಯೋಕೆ ನಿಮ್ಮನ್ನೇ ಇಡ್ತೀನಿ, ಮಳೆ ಚಳಿ ಅನ್ನದೆ ನಿಂತಿರಬೇಕು” ಅಂದ. ಕೆಲವರು ನಕ್ಕರು. ಎಮೆತೇರಿಯಾ ನಗಲಿಲ್ಲ, ಅಳಲೂ ಇಲ್ಲ. ಗುಂಡಿಯೊಳಗೆ ಬಗ್ಗಿ ನೋಡಿ, ಕಲ್ಲಿನ ಹತ್ತಿರ ಹೋಗಿ ಅಲ್ಲಿಂದ ಮತ್ತೆ ಇಪ್ಪತ್ತು ಹೆಜ್ಜೆ ಎಣಿಸಿದಳು. ಆಕೆಯ ಹೆಜ್ಜೆ ಈಗ ಚಿಕ್ಕದಾಗಿದೆ. ಅದಕ್ಕೇ ತಪ್ಪಿರಬೇಕು ಅಂದುಕೊಂಡಳು ಅನ್ನಿಸುತ್ತದೆ. ರೊಸೆಂದೊನ ತೋಳು ಹಿಡಿದು, “ನೀನು ನಡಿ ಮಗ, ಕುರುಬ ಉದ್ದ ಇದ್ದ” ಅಂದಳು.

ಯಂತ್ರ ಇನ್ನೊಂದೇ ದಿನ ಸಿಗುತ್ತದೆ. ನಾಳೆ, ಬುಧವಾರ, ಬೆಳಿಗ್ಗೆ ಎಂಟಕ್ಕೆ. ಆಮೇಲೆ ಅದು ಅಣೆಕಟ್ಟಿನ ಕೆಲಸಕ್ಕೆ ಹೋಗುತ್ತದೆ, ವಸಂತಕಾಲದವರೆಗೆ ಬರುವುದಿಲ್ಲ. ಗುರುವಾರ ಸಕಲ ಸಂತರ ಹಬ್ಬ. ಸಿಕ್ಕಿದರೆ ಅವತ್ತೇ ಸ್ಮಶಾನದ ಒಳಗೆ, ಗೋಡೆಯ ಈಚೆಗೆ, ಏಳು ಜನರಿಗೂ ಜಾಗ ಕೊಡುತ್ತೇನೆ ಅಂತ ಪಾದ್ರಿ ಒಪ್ಪಿದ್ದಾರೆ. ನಾಳೆ ಅವರು ಕಲ್ಲಿನ ಇನ್ನೊಂದು ಬದಿಯಲ್ಲಿ ಅಗೆಯುತ್ತಾರೆ. ಅಲ್ಲಿಯೂ ಏನೂ ಇಲ್ಲ. ಎಮೆತೇರಿಯಾಗೆ ಎಪ್ಪತ್ತೈದು. ಕಾಲು ಊದಿಕೊಂಡಿದೆ, ವಸಂತಕಾಲದ ಮಾತನ್ನು ಯಾರೂ ಆಡುವುದಿಲ್ಲ.

ಭಾನುವಾರ ಪೂಜೆ ಮುಗಿಸಿಕೊಂಡು ಆಕೆ ನಮ್ಮ ಮನೆಗೆ ಬಂದಳು. ನೀವು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ. ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಮಗುವಿಗೆ ತಾನೇ ಹೆಣೆದ ಕಾಲುಚೀಲ ತಂದಿದ್ದಳು. ಕೂತುಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನಾನು ಕೇಳದೆಯೇ ಮಾತಾಡಿದಳು.

“ಆವತ್ತು ಸಂಜೇನೇ ಸಬಾಸ್ ಹಿಟ್ಟು ನಾದಿ ಇಟ್ಟಿದ್ದ ಕಣವ್ವ. ನೀಲಿ ಅಂಗಿಯೋರು ಬಂದು ಎಬ್ಬಿಸಿದಾಗ ಸೊಂಟದಲ್ಲಿ ಹಿಟ್ಟು ಕತ್ತರಿಸೋ ಅಲಗು ಹಾಗೇ ಇತ್ತು. ಅದನ್ನ ತೆಗೀಬೇಡ, ಬೆಳಿಗ್ಗೆ ಬೇಕಾಗುತ್ತೆ ಅಂದ ನಂಗೆ. ಬೆಳಿಗ್ಗೆ ಬರ್ತೀನಿ ಅಂತ ಅಂದ್ಕೊಂಡಿದ್ದ. ಬೆಳಗಾದ್ರೆ ಹಿಟ್ಟು ತೊಟ್ಟಿ ತುಂಬ ಉಬ್ಬಿ ನಿಂತಿದೆ. ಏನ್ ಮಾಡ್ಲಿ ಹೇಳು? ಬಿಟ್ರೆ ಹುಳಿ ಆಗುತ್ತೆ. ನಾನೇ ಸುಟ್ಟೆ. ನಾನೇ ಮಾರ್ದೆ. ಊರೋರೆಲ್ಲ ಬಂದ್ರು, ದಿನಾ ಬರೋ ಹಾಗೇ ಬಂದ್ರು. ಒಬ್ರೂ ಮುಖ ನೋಡ್ಲಿಲ್ಲ. ನಿನ್ನ ಅಜ್ಜಿನೂ ಬಂದು ಎರಡು ರೊಟ್ಟಿ ತಗೊಂಡು ಹೋದ್ಲು.”

ಯಾರು ಕರೆದುಕೊಂಡು ಹೋದರು ಅಂತ ಕೇಳಿದೆ. ಕೇಳಬಾರದಿತ್ತು.

“ಬೇರೆ ಊರಿನ ಹುಡುಗ್ರು. ಮುಖ ಕಂಡಿಲ್ಲ. ಲಾರಿ ಗಿರಣಿದು. ಓಡಿಸ್ತಿದ್ದವನು ಕೆಳಗೆ ಇಳೀಲಿಲ್ಲ. ಕೊನೇ ಮನೆಯೋರು ಹೇಳ್ತಿದ್ರು, ತುಂಬಾ ಹೊತ್ತು ದೂರದಲ್ಲಿ ಎಂಜಿನ್ ಸದ್ದು ಕೇಳ್ತಾ ಇತ್ತಂತೆ. ನಿಲ್ಲಿಸೇ ಇರ್ಲಿಲ್ಲಂತೆ.” ಇದನ್ನು ಹೇಳುವಾಗ ಆಕೆ ನನ್ನನ್ನು ನೋಡಲಿಲ್ಲ. ಮಗುವಿನ ಕಾಲಿಗೆ ಕಾಲುಚೀಲ ಏರಿಸುತ್ತಿದ್ದಳು. ಆಮೇಲೆ ಎದ್ದು ನಿಂತು ಅಂದಳು: “ನಿಮ್ಮಪ್ಪ ದೊಡ್ಡ ಮನುಷ್ಯ. ನಮ್ಮ ಹುಡುಗಿಗೆ ಈ ಫೋನಿನ ಕೆಲಸ ಕೊಡಿಸದೆ ಇದ್ದಿದ್ರೆ ನಾವು ಎಲ್ಲಿ ಬಿದ್ದಿರ್ತಿದ್ವೋ. ಅವರನ್ನ ಒಂದು ಮಾತು ಕೇಳವ್ವ. ರಸ್ತೆ ಆಫೀಸಲ್ಲಿ ಇದ್ದೋರು, ಹಳೇ ಕಾಗದ ಗೀಗದ ನೋಡಿ ಹೇಳಬಹುದು.”

ಕೇಳುತ್ತೇನೆ ಅಂದೆ. ಕೇಳುತ್ತಿದ್ದೇನೆ.

ಆದರೆ ಕೇಳುವ ಮೊದಲು ನಾನೇ ಹುಡುಕಿದೆ ಅನ್ನುವುದನ್ನೂ ಹೇಳಬೇಕು. ನಿನ್ನೆ ಬೆಳಿಗ್ಗೆ ನಿಮ್ಮ ಓದುಕೋಣೆಯ ಬೀರು ತೆಗೆದೆ. ಮಗುವಿನ ಬಟ್ಟೆಯ ಸೆಳೆಖಾನೆಗೆ ಹಾಸಲು ದಪ್ಪ ಕಾಗದ ಬೇಕಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಮೇಲಿನ ಖಾನೆಯಲ್ಲಿ ಹೆದ್ದಾರಿಯ ನಕ್ಷೆ ಸುತ್ತಿಟ್ಟಿತ್ತು, ೧೯೫೭ರದ್ದು. ನೀವು ಪ್ರಾಂತ್ಯದ ಪರಿಷತ್ತಿನಲ್ಲಿ ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದ ಕಾಲದ್ದು. ಹಳೆಯ ರಸ್ತೆ ಕಪ್ಪು ಗೆರೆ, ಹೊಸದು ಕೆಂಪು. ಎರಡು ತಿರುವುಗಳನ್ನು ಬಿಟ್ಟು ನೇರ ಮಾಡಿದ್ದೀರಿ. ಹೆಂಡತಿಯ ತೌರಿನ ಹೊಲದ ಬೆಲೆ ಏರಿಸೋಕೆ ಫ್ರೋಯ್ಲಾನ್ ರಸ್ತೆ ತಿರುಗಿಸಿದ ಅಂತ ಊರಿನಲ್ಲಿ ಈಗಲೂ ನಿಮ್ಮನ್ನು ಆಡಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ನಾನು ಅದನ್ನು ಕೇಳಿ ನಾಚಿಕೊಂಡಿದ್ದೆ. ನಕ್ಷೆ ನೋಡಿದರೆ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ. ರಸ್ತೆ ತಪ್ಪಿಸಿಕೊಂಡು ಹೋಗಿರುವುದು ಎರಡನೆಯ ತಿರುವನ್ನು, ಓಕ್ ಮರಗಳ ಪಕ್ಕದ್ದನ್ನು. ಅಲ್ಲಿ ಪೆನ್ಸಿಲಿನಲ್ಲಿ ಒಂದು ಶಿಲುಬೆ ಇದೆ. ನಿಮ್ಮ ಕೈಯದು. ಕೆಳಗಿನ ಗೆರೆ ಸ್ವಲ್ಪ ಎಡಕ್ಕೆ ವಾಲುತ್ತದೆ, ಸಹಿಯಲ್ಲಿ ವಾಲುವ ಹಾಗೆ.

ರಸ್ತೆ ಗಿಡ್ಡವಾದ್ದರಿಂದ ಅಳತೆ ಬದಲಾಯಿತು, ಅಳತೆ ಬದಲಾದ್ದರಿಂದ ಕಲ್ಲುಗಳನ್ನು ಕಿತ್ತು ಮುಂದೆ ನೆಟ್ಟರು. ಹನ್ನೊಂದನೇ ಕಲ್ಲು ಆರುನೂರು ಮೀಟರ್ ಮುಂದೆ ಹೋಗಿದೆ. ರಸ್ತೆ ನೇರವಾದದ್ದು ಊರಿಗೆಲ್ಲ ನೆನಪಿದೆ. ಕಲ್ಲೂ ನಡೆದುಹೋಯಿತು ಅಂತ ಯಾರಿಗೂ ಹೊಳೆದಿಲ್ಲ. ಕಲ್ಲು ನಡೆಯುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ರೊಸೆಂದೊ ಮದುವೆಯಾಗಿ ಈ ಊರಿಗೆ ಬಂದವನು. ಕ್ವಿರೀನೊಗೆ ಗೊತ್ತಿರಬಹುದು. ಗೊತ್ತಿದ್ದೇ ಆಲೂಗಡ್ಡೆಯ ಮಾತಾಡಿರಬಹುದು.

ಅಪ್ಪ, ನಾನು ಆ ನಕ್ಷೆಯನ್ನು ಮೇಜಿನ ಮೇಲೆ ಹರವಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಮಗು ಅತ್ತು ಅತ್ತು ಸುಮ್ಮನಾಗಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ಅದನ್ನೇ ನಿಮಗೆ ಹೇಳಬೇಕು ಅನ್ನಿಸಿತು. ಆಶ್ಚರ್ಯವಾಗಬೇಕಿತ್ತು ಅಂತ ಕಾದೆ, ಆಗಲಿಲ್ಲ.

ಯಾಕೆಂದರೆ ಆ ತಿರುವು ನನಗೆ ಗೊತ್ತು. ಪ್ರತಿ ವರ್ಷ ಸಕಲ ಸಂತರ ಹಬ್ಬದ ದಿನ ಅಜ್ಜಿಯ ಸಮಾಧಿಗೆ ಸೇವಂತಿಗೆ ಇಟ್ಟು ಕಪ್ಪು ಕಾರಿನಲ್ಲಿ ವಾಪಸು ಬರುವಾಗ ನೀವು ಹೆದ್ದಾರಿ ಬಿಟ್ಟು ಹಳೆಯ ತಿರುವಿಗೆ ಇಳಿದು ಕಾರು ನಿಲ್ಲಿಸುತ್ತಿದ್ದಿರಿ. “ಎಂಜಿನ್ ತಣ್ಣಗಾಗ್ಲಿ” ಅನ್ನುತ್ತಿದ್ದಿರಿ. ಕೀಲಿ ತಿರುಗಿಸಿ ಆರಿಸಿ, ಸದ್ದು ಪೂರ್ತಿ ನಿಂತ ಮೇಲೆ ಇಳಿಯುತ್ತಿದ್ದಿರಿ. ಟೋಪಿ ಕೈಯಲ್ಲಿ. ಅಮ್ಮ ಹಿಂದೆ ತಿರುಗಿ ನನಗೆ ಸುಟ್ಟ ಚೆಸ್ಟ್‌ನಟ್ ಸುಲಿದು ಕೊಡುತ್ತಿದ್ದಳು, ನಾನು ಕಿಟಕಿಯ ಕಡೆ ನೋಡದಂತೆ ಒಂದಾದ ಮೇಲೊಂದು. ನಾನು ನೂರು ಎಣಿಸುವುದರೊಳಗೆ ನೀವು ಬರುತ್ತಿದ್ದಿರಿ. ಶೂಗೆ ಮಣ್ಣು ಹತ್ತಿರುತ್ತಿತ್ತು. ನವೆಂಬರಿನ ಆ ಗಾಳಿಯಲ್ಲಿ ಎಂಜಿನ್ ಬಿಸಿಯಾಗುವುದು ಹೇಗೆ ಅಂತ ನಾನು ಯಾವತ್ತೂ ಕೇಳಲಿಲ್ಲ. ಎಲ್ಲ ಕಾರುಗಳೂ ಅಲ್ಲಿ ತಣ್ಣಗಾಗಬೇಕು ಅಂದುಕೊಂಡಿದ್ದೆ. ನಗಬೇಡಿ. ತೆಲ್ಮೊ ಸಾಲ ಮಾಡಿ ಆ ಪುಟ್ಟ ಕಾರು ಕೊಂಡು ಮೊದಲ ಸಲ ನನ್ನನ್ನು ಊರಿಗೆ ಕರೆತಂದಾಗ ಅಲ್ಲಿ ನಿಲ್ಲಿಸು ಅಂದೆ, ಎಂಜಿನ್ ತಣ್ಣಗಾಗಲಿ ಅಂತ. ಅವನು ನಕ್ಕು ನಕ್ಕು, “ನಿಮ್ಮಪ್ಪನ ಕಾರಿಗೂ ದೇವರ ಭಕ್ತಿ ಇತ್ತೇನೇ?” ಅಂದ. ಆಗ ನನಗೆ ಇಪ್ಪತ್ತನಾಲ್ಕು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಮುಗಿಸಿದ್ದೆ.

ನೀವು ಹದಿನೇಳಕ್ಕೇ ಲಾರಿ ಕಲಿತಿರಿ ಅಂತ ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಚಿಕ್ಕಜ್ಜನ ಗಿರಣಿಯಲ್ಲಿ, ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಲಾರಿಯ ಮೂತಿಗೆ ಒರಗಿ ನಿಂತ ನಿಮ್ಮ ಫೋಟೊ ಇಲ್ಲೇ ಗೋಡೆಯ ಮೇಲಿದೆ. ಆ ಆಗಸ್ಟಿನಲ್ಲಿ ನಿಮಗೆ ಹತ್ತೊಂಬತ್ತು. ಮುಂದಿನದೆಲ್ಲ ನನಗೆ ಬಾಯಿಪಾಠ, ನಿಮ್ಮ ಪ್ರಚಾರದ ಕರಪತ್ರದಲ್ಲಿ ನಾನೇ ತಿದ್ದಿ ಬರೆದದ್ದು: ಮೂವತ್ತಕ್ಕೆ ಊರಿನ ಮೇಯರ್, ಆಮೇಲೆ ರಸ್ತೆ, ಆಮೇಲೆ ಕುಡಿಯುವ ನೀರು, ಟೆಲಿಫೋನ್, ಜನರಲ್‌ನ ಸಭೆಯಲ್ಲಿ ಪ್ರಾಂತ್ಯದ ಕುಟುಂಬಗಳ ಪ್ರತಿನಿಧಿ, ಆಮೇಲೆ ರಾಜನ ಕಾಲ, ಹೊಸ ಪಕ್ಷ, ಎರಡು ಚುನಾವಣೆ, ಎರಡು ಗೆಲುವು. ಹತ್ತೊಂಬತ್ತರಿಂದ ಮೂವತ್ತರವರೆಗೆ ಆ ಕರಪತ್ರದಲ್ಲಿ ಏನೂ ಇಲ್ಲ. ನಾನು ಅಲ್ಲಿ ಒಂದು ಸಾಲು ಸೇರಿಸೋಣ ಅಂದಿದ್ದೆ. ಜಾಗ ಸಾಲದು ಅಂದಿರಿ.

ಕಾಲೇಜಿನಲ್ಲಿ ನಿಮ್ಮ ಹೆಸರು ಹೇಳಲು ಹಿಂಜರಿಯುತ್ತಿದ್ದೆ. ಅದು ನಿಮಗೆ ಗೊತ್ತಿತ್ತು, ನೀವು ಅದಕ್ಕೆ ಒಂದು ದಿನವೂ ಗದರಲಿಲ್ಲ. ಮೂರು ವರ್ಷದ ಹಿಂದೆ, ನವೆಂಬರಿನಲ್ಲಿ, ನಿಮ್ಮ ಸಭೆ ತನ್ನನ್ನು ತಾನೇ ಮುಚ್ಚಿಕೊಳ್ಳುವ ಕಾನೂನಿಗೆ ಮತ ಹಾಕಿದ ದಿನ ನಾನು ತೆಲ್ಮೊನ ಕೋಣೆಯಲ್ಲಿ ರೇಡಿಯೊ ಮುಂದೆ ಕೂತಿದ್ದೆ. ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಎದ್ದು ನಿಂತು ಹೌದು, ಇಲ್ಲ ಅನ್ನಬೇಕು. ಕೆಲವರು ಕೆಮ್ಮಿದರು, ಕೆಲವರು ಗೊಣಗಿದರು. ನಿಮ್ಮ ಹೆಸರು ಬಂತು. ನೀವು “ಹೌದು” ಅಂದಿರಿ. ಗಟ್ಟಿಯಾಗಿ, ಒಂದೇ ಸಲ, ಹೊಲದ ಆಚೆ ಇರುವವನಿಗೆ ಕೇಳಿಸುವಂತೆ. ಮೂವತ್ತು ವರ್ಷ ಕಟ್ಟಿಕೊಂಡದ್ದನ್ನು ಒಂದು ಮಾತಿನಲ್ಲಿ ಬಿಟ್ಟಿರಿ. ತೆಲ್ಮೊ, “ಭೇಷ್ ಮಾವ” ಅಂದ. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ. ನಾನು ಅವತ್ತು ಅತ್ತಿದ್ದೆ. ಈಗ ಅಳು ಬಂದರೆ ಒಳ್ಳೆಯದಿತ್ತು, ಬರುತ್ತಿಲ್ಲ.

ನಾನು ನಿಮ್ಮನ್ನು ಆ ದಿನ ಏನು ಮಾಡಿದಿರಿ ಅಂತ ಕೇಳುವುದಿಲ್ಲ. ಇಳಿದಿರಾ ಇಲ್ಲವಾ, ಎಂಜಿನ್ ಯಾಕೆ ನಿಲ್ಲಿಸಲಿಲ್ಲ, ಯಾವ ಸದ್ದು ಕೇಳಬಾರದು ಅಂತ ನಿಲ್ಲಿಸಲಿಲ್ಲ, ಇದನ್ನೂ ಕೇಳುವುದಿಲ್ಲ. ನೀವು ರಸ್ತೆ ಸರಿಸಿದ್ದು ಅವರ ಮೇಲೆ ಯಂತ್ರ ಹರಿಯಬಾರದು ಅಂತಲೋ, ಯಂತ್ರ ಅವರನ್ನು ಹೊರಗೆ ಹಾಕಬಾರದು ಅಂತಲೋ, ಅದೂ ನನಗೆ ತಿಳಿಯದು. ಎರಡೂ ಇರಬಹುದು. ದೆಲ್ಫಿನಾಗೆ ಕೆಲಸ ಕೊಡಿಸಿದಾಗ ಕೆಂಪು ಪಕ್ಷದವನ ಮಗಳಿಗೆ ಸರ್ಕಾರಿ ಕುರ್ಚಿಯೇ ಅಂತ ಜನ ಮಾತಾಡಿದ್ದರಂತೆ. ನೀವು ಯಾರಿಗೂ ಕಾರಣ ಹೇಳಲಿಲ್ಲವಂತೆ. ಈಗ ನನಗೆ ಆ ಕುರ್ಚಿ ನೋಡಿದರೆ ಹೇಗೋ ಆಗುತ್ತದೆ. ಆದರೆ ಆ ತಾಯಿ ಮಗಳು ಅದರಿಂದಲೇ ಇಪ್ಪತ್ತು ವರ್ಷ ಊಟ ಮಾಡಿದ್ದೂ ನಿಜ.

ನನಗೆ ಬೇಕಾದದ್ದು ಒಂದೇ: ಜಾಗ. ನಕ್ಷೆಯ ಶಿಲುಬೆ ನೆಲದ ಮೇಲೆ ಅರವತ್ತು ಹೆಜ್ಜೆ ಅಗಲವಾಗುತ್ತದೆ. ಆ ತಿರುವಿನ ಉದ್ದಕ್ಕೂ ಮುಳ್ಳುಕಂಟಿ ಬೆಳೆದಿದೆ, ಯಂತ್ರಕ್ಕೆ ಒಂದೇ ದಿನ. ನೀವು ಟೋಪಿ ಕೈಯಲ್ಲಿ ಹಿಡಿದು ಎಲ್ಲಿ ನಿಲ್ಲುತ್ತಿದ್ದಿರಿ, ದೊಡ್ಡ ಓಕ್ ಮರದಿಂದ ಎಷ್ಟು ಹೆಜ್ಜೆ, ಅಷ್ಟು ಸಾಕು. ಏಳು ಜನರಲ್ಲಿ ಅಲಗು ಇರುವವನು ಸಬಾಸ್ ಅಂತ ಎಮೆತೇರಿಯಾ ಗುರುತಿಸುತ್ತಾಳೆ. ಕಬ್ಬಿಣ ಉಳಿದಿರುತ್ತದೆ ಅಲ್ಲವೆ?

ಶುಕ್ರವಾರ ನಿಮ್ಮ ಹೆಸರು ಮಂತ್ರಿಗಳ ಪಟ್ಟಿಯಲ್ಲಿ ಬರುತ್ತದೆ ಅಂತ ಪತ್ರಿಕೆಯಲ್ಲಿ ಓದಿದೆ. ಲೋಕೋಪಯೋಗಿ ಇಲಾಖೆ, ರಸ್ತೆಗಳು. ಅದಕ್ಕೆ ಏನೂ ಆಗದ ಹಾಗೆ ನಾನು ಯೋಚಿಸಿದ್ದೇನೆ. ಇವತ್ತು ರಾತ್ರಿ ಹತ್ತರೊಳಗೆ, ಎಕ್ಸ್‌ಚೇಂಜ್ ಮುಚ್ಚುವ ಮೊದಲು, ಫೋನ್ ಮಾಡಿ. ನಾನು ಮಗುವಿಗೆ ಹೊಟ್ಟೆನೋವು ಅನ್ನುತ್ತೇನೆ. ಆ ಔಷಧಿಯನ್ನು ಎಷ್ಟು ಹನಿ ಹಾಕಬೇಕು ಅಂತ ಹೇಳಿ. ಎಷ್ಟು ಹೆಜ್ಜೆಯೋ ಅಷ್ಟು ಹನಿ. ಮರದಿಂದ ಊರಿನ ಕಡೆಗಾದರೆ ಊಟಕ್ಕೆ ಮೊದಲು ಅನ್ನಿ, ಆಚೆ ಕಡೆಗಾದರೆ ಊಟದ ಮೇಲೆ. ದೆಲ್ಫಿನಾ ಕೇಳಿದರೂ ಮಗುವಿನ ಔಷಧಿ ಅಂದುಕೊಳ್ಳುತ್ತಾಳೆ. ಬೆಳಿಗ್ಗೆ ಎಂಟಕ್ಕೆ ನಾನು ನಕ್ಷೆ ಹಿಡಿದುಕೊಂಡು ಹೋಗಿ ರೊಸೆಂದೊಗೆ, ಹಳೆಯ ಕಾಗದದಲ್ಲಿ ಕಲ್ಲು ಸರಿದದ್ದು ಕಂಡೆ ಅನ್ನುತ್ತೇನೆ. ಶಿಲುಬೆಯನ್ನು ಅಳಿಸಿಬಿಡುತ್ತೇನೆ. ರಬ್ಬರ್ ಇಲ್ಲೇ ಇದೆ. ಕರಪತ್ರದಲ್ಲಿ ಜಾಗ ಬಿಟ್ಟ ಹಾಗೆಯೇ. ನನಗೆ ಈಗ ಅಭ್ಯಾಸವಾಗಿದೆ.

ಯಾರಿಗೂ ಹೇಳಿಲ್ಲ. ತೆಲ್ಮೊಗೂ ಹೇಳಿಲ್ಲ. ನಿಮಗೆ ಭಯ ಬೇಡ.

ಕಿಟಕಿ ಬೂದಿಯ ಬಣ್ಣಕ್ಕೆ ತಿರುಗುತ್ತಿದೆ. ಮಗು ಕೈ ಆಡಿಸುತ್ತಿದ್ದಾಳೆ, ಇನ್ನೇನು ಎದ್ದಾಳು. ಅವಳನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿಲ್ಲ, ಅದೇ ನನಗೆ ಹೆದರಿಕೆ. ನಿಮಗೂ ನನ್ನನ್ನು ನೋಡಿದರೆ ಹೀಗೇ ಆಗುತ್ತಿತ್ತೆ? ಕಾರಿನ ಬಾಗಿಲು ತೆಗೆದು ಒಳಗೆ ಬಂದು ನನ್ನ ತಲೆ ಸವರಿದಾಗ ನಿಮ್ಮ ಕೈ ತಣ್ಣಗಿರುತ್ತಿತ್ತು. ಗಾಳಿಗೆ ಅಂದುಕೊಂಡಿದ್ದೆ.

ಸ್ವೆಟರ್ ಮೇಲೆ ಕೋಟು ಹಾಕಿಕೊಳ್ಳಿ, ಮ್ಯಾಡ್ರಿಡ್‌ನಲ್ಲೂ ಚಳಿ ಬಂದಿದೆ ಅಂತ ರೇಡಿಯೊ ಹೇಳಿತು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ ಮಗಳು,
ಕಸಿಲ್ದಾ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನಿನ್ನೆ ಸಂಜೆ ನಕ್ಷೆ ತೆಗೆದುಕೊಂಡು ಎಕ್ಸ್‌ಚೇಂಜಿಗೆ ಹೋದೆ. ದೆಲ್ಫಿನಾಗೆ ಎಲ್ಲ ಹೇಳಿದೆ: ಕಲ್ಲು, ಶಿಲುಬೆ, ಲಾರಿ, ನಮ್ಮ ಕಾರು ನಿಲ್ಲುತ್ತಿದ್ದದ್ದು. ಅವಳು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಮೇಜಿನ ಮೇಲಿಟ್ಟು, ಶಿಲುಬೆಯ ಮೇಲೆ ಬೆರಳಿಟ್ಟಳು. “ನಂಗೆ ಈ ಕುರ್ಚಿ ಮೇಲೆ ಕೂತಾಗ್ಲೇ ಅನುಮಾನ ಇತ್ತು ಕಸಿಲ್ದಾ. ಅಮ್ಮಂಗೆ ಹೇಳಲ್ಲ ಇನ್ನೂ. ಹೇಳೋದಿದ್ರೆ ನಿಮ್ಮಪ್ಪನೇ ಹೇಳ್ಲಿ” ಅಂದಳು. ಆಮೇಲೆ, “ಬುಧವಾರ ಬೆಳಗಾಗೋವರೆಗೆ ಈ ಸ್ವಿಚ್‌ಬೋರ್ಡ್ ಮುಚ್ಚಲ್ಲ ನಾನು. ರಾತ್ರಿ ಎಷ್ಟೊತ್ತಿಗಾದ್ರೂ ಸರಿ” ಅಂದಳು. ನಾಲ್ಕು ಹತ್ತಕ್ಕೆ ಬಡಿದದ್ದು ಗಾಳಿಯಲ್ಲ. ಈ ಹೊತ್ತಿನಲ್ಲಿ ತಂತಿ ಕೆಲಸ ಮಾಡುತ್ತದೆಯೇ ಅಂತ ಅವಳು ನೋಡಿಕೊಂಡದ್ದು. ನನಗೆ ಆಗಲೇ ಗೊತ್ತಾಯಿತು.

ಆದ್ದರಿಂದ ಹನಿಗಳ ಲೆಕ್ಕ ಬೇಡ, ಅಪ್ಪ. ನಮ್ಮ ಮನೆಯ ನಂಬರ್ ಕೇಳಬೇಡಿ. ಎತ್ತುವವಳು ಅವಳೇ. ಅವಳಿಗೇ ಹೇಳಿ. ಆ ದಿನ ಹೆಸರು ಕೂಗಿದಾಗ ಎದ್ದು ನಿಂತು ಹೇಳಿದ ಹಾಗೆ, ಒಂದೇ ಸಲ ಹೇಳಿ. ಬೆಳಗಾಗುವ ಮೊದಲು ಫೋನ್ ಮಾಡಿ ಅಪ್ಪ, ದಮ್ಮಯ್ಯ, ಬೆಳಗಾಗುವ ಮೊದಲು.